ಎಚ್‌ಬಿಎ1ಸಿ ಒಂದು ಹೇಳುತ್ತೆ, ಶುಗರ್ ಇನ್ನೊಂದು ಹೇಳುತ್ತೆ: ಯಾವುದನ್ನು ನಂಬೋದು?

ಪ್ರಶ್ನೆ: ಡಾಕ್ಟ್ರೇ, ಅಕ್ಕನಿಗೆ 44 ವರ್ಷ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಪರೀಕ್ಷೆ) 6.7 ಬಂದಿದೆ. ಖಾಲಿ ಹೊಟ್ಟೆಯ ಶುಗರ್ 104, ತಿಂಡಿಯಾಗಿ ಎರಡು ಗಂಟೆಗೆ 138. ಇನ್ನೊಂದು ಲ್ಯಾಬಲ್ಲಿ ಎಚ್‌ಬಿಎ1ಸಿ 6.4. ಹಿಮೋಗ್ಲೋಬಿನ್ 8.9, ಎಂಸಿವಿ (ಕೆಂಪು ಕಣದ ಸರಾಸರಿ ಗಾತ್ರ) 68, ಕೆಂಪು ಕಣಗಳ ಎಣಿಕೆ 3.9. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತೆ. ಮೆಟ್‌ಫಾರ್ಮಿನ್ 500 ಅನ್ನೋ ಶುಗರ್ ಮಾತ್ರೆ ಬರೆದಿದ್ದಾರೆ, ಶುರು ಮಾಡಿಲ್ಲ. ಅತಿ ಬಾಯಾರಿಕೆ, ತೂಕ ಇಳಿಯೋದು ಏನೂ ಇಲ್ಲ. ಇದು ಸಕ್ಕರೆ ಕಾಯಿಲೆಯೇನಾ?

ಉತ್ತರ: ಈ ರಿಪೋರ್ಟಿನ ಮೇಲೆ ಹೌದು ಅನ್ನೋಕಾಗಲ್ಲ, ಅಲ್ಲ ಅನ್ನೋಕೂ ಆಗಲ್ಲ.

ಎರಡು ಲ್ಯಾಬಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಈ ಪರೀಕ್ಷೆಯಲ್ಲಿ ಶೇ. 5ರಷ್ಟು ಆಚೀಚೆ ಒಪ್ಪಿತ. ನಿಜವಾದ ಮಟ್ಟ 6.5 ಇದ್ದವರಿಗೆ 6.2 ಬಂದರೂ 6.8 ಬಂದರೂ ಯಂತ್ರ ಕೆಟ್ಟಿದೆ ಅಂತಲ್ಲ. ನೋಡಬೇಕಾದ್ದು ಹಿಮೋಗ್ಲೋಬಿನ್ 8.9. ಎಚ್‌ಬಿಎ1ಸಿ ಅಳೆಯೋದು ಕೆಂಪು ಕಣದೊಳಗಿನ ಹಿಮೋಗ್ಲೋಬಿನ್‌ಗೆ ಎಷ್ಟು ಗ್ಲೂಕೋಸ್ ಅಂಟಿದೆ ಅನ್ನೋದನ್ನು. ಕಣದ ಆಯಸ್ಸು ಸುಮಾರು 120 ದಿನ, ಹಳೆಯದಾದಷ್ಟೂ ಅಂಟು ಜಾಸ್ತಿ. ಕಬ್ಬಿಣದ ಕೊರತೆಯಲ್ಲಿ ಹೊಸ ಕಣಗಳ ಉತ್ಪಾದನೆ ಕುಂದುತ್ತೆ, ರಕ್ತದಲ್ಲಿ ಹಳೆಯವೇ ಹೆಚ್ಚಾಗಿ ಉಳಿಯುತ್ತವೆ. ಹಾಗಾಗಿ ಶುಗರ್ ಏರದೆಯೂ ಎಚ್‌ಬಿಎ1ಸಿ ಏರಬಹುದು. ಇಷ್ಟು ಕಳೆದುಬಿಡಿ ಅನ್ನೋ ಸೂತ್ರ ಇಲ್ಲ.

ಎಂಸಿವಿಯನ್ನು ಕಣಗಳ ಎಣಿಕೆಯಿಂದ ಭಾಗಿಸಿ: 68 ಭಾಗಿಸು 3.9, ಅಂದರೆ 17. ಇದು 13ಕ್ಕಿಂತ ಕಡಿಮೆ ಇದ್ದರೆ ಥಲಸ್ಸೀಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ತೊಂದರೆ) ವಾಹಕರಿರಬಹುದೇ ಅಂತ ನೋಡುತ್ತೇವೆ, ಮೇಲಿದ್ದರೆ ಕಬ್ಬಿಣದ ಕೊರತೆಯ ಕಡೆಗೇ ವಾಲುತ್ತೆ. ಫೆರಿಟಿನ್ (ದೇಹದಲ್ಲಿರೋ ಕಬ್ಬಿಣದ ದಾಸ್ತಾನು ತೋರಿಸೋ ರಕ್ತ ಪರೀಕ್ಷೆ) ಮಾಡಿಸಿ ಖಚಿತಪಡಿಸಿಕೊಳ್ಳಿ. 15ಕ್ಕಿಂತ ಕಡಿಮೆ ಬಂದರೆ ಅನುಮಾನವೇ ಇಲ್ಲ. ಜ್ವರ, ಸೋಂಕು ಇದ್ದಾಗ ಮಾಡಿಸಿದರೆ ಫೆರಿಟಿನ್ ಸುಳ್ಳೇ ಜಾಸ್ತಿ ತೋರಿಸುತ್ತೆ. ರಕ್ತ ಯಾಕೆ ಅಷ್ಟು ಹೋಗುತ್ತಿದೆ ಅನ್ನೋದನ್ನು ಸ್ತ್ರೀರೋಗ ತಜ್ಞರು ನೋಡಲೇಬೇಕು. ಶುಗರಿನ ಗಡಿಬಿಡಿಯಲ್ಲಿ ಇದನ್ನು ಮರೆಯುವವರೇ ಜಾಸ್ತಿ.

ಒಂದು ಮಾತು ಕೇಳಬೇಕಿತ್ತು: ರಕ್ತವನ್ನು ಲ್ಯಾಬಿನಲ್ಲೇ ಕೊಟ್ಟರಾ, ಮನೆಗೆ ಬಂದು ತಗೊಂಡರಾ?

ಮರುಪ್ರಶ್ನೆ: ಮನೆಗೇ ಬಂದಿದ್ದರು. ಲ್ಯಾಬ್ ತಲುಪುವಾಗ ಎರಡು ಗಂಟೆಯ ಮೇಲಾಗಿತ್ತಂತೆ.

ಉತ್ತರ: ಹಾಗಾದರೆ 104 ಕೂಡ ಗಟ್ಟಿ ಅಂಕಿಯಲ್ಲ. ಟ್ಯೂಬಿನೊಳಗೂ ರಕ್ತಕಣಗಳು ಗ್ಲೂಕೋಸ್ ತಿನ್ನುತ್ತಲೇ ಇರುತ್ತವೆ, ಗಂಟೆಗೆ ಶೇ. 5ರಿಂದ 7ರಷ್ಟು. ಸಾದಾ ಟ್ಯೂಬಿನಲ್ಲಿ ಎರಡು ಗಂಟೆ ಕೂತಿದ್ದರೆ ಅಸಲಿ ಮಟ್ಟ 115ರ ಆಸುಪಾಸು ಇದ್ದಿರಬಹುದು. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಇದಕ್ಕೇ ಇರೋದು, ಆದರೆ ಫ್ಲೋರೈಡ್ ಪೂರ್ತಿ ಹಿಡಿತಕ್ಕೆ ಬರೋಕೇ ಒಂದೆರಡು ಗಂಟೆ ಬೇಕು. ಅಂದರೆ ಎಚ್‌ಬಿಎ1ಸಿ ಮೇಲಕ್ಕೆ ತಪ್ಪಿರಬಹುದು, ಶುಗರ್ ಕೆಳಕ್ಕೆ ತಪ್ಪಿರಬಹುದು. ತಿಂಡಿಯ ನಂತರದ 138 ರೋಗ ನಿರ್ಣಯಕ್ಕೆ ಬರಲ್ಲ, ಎರಡು ಇಡ್ಲಿ ಅಳತೆಯ ಗ್ಲೂಕೋಸ್ ಅಲ್ಲ.

ಮಾಡಿಸಬೇಕಾದ್ದು 75 ಗ್ರಾಂ ಗ್ಲೂಕೋಸ್ ಪರೀಕ್ಷೆ, ಲ್ಯಾಬಿನಲ್ಲೇ ಕೂತು. ಹಿಂದಿನ ಮೂರು ದಿನ ಅನ್ನ, ಮುದ್ದೆ, ಚಪಾತಿ ಎಂದಿನಂತೆ ತಿನ್ನಲಿ. ಪರೀಕ್ಷೆ ಇದೆ ಅಂತ ಅನ್ನ ಬಿಟ್ಟರೆ ಎರಡನೇ ಗಂಟೆಯ ಅಂಕಿ ಸುಳ್ಳೇ ಏರುತ್ತೆ. ರಾತ್ರಿ ಊಟದ ಮೇಲೆ 8ರಿಂದ 14 ಗಂಟೆ ಬರೀ ನೀರು. ಮೊದಲ ರಕ್ತ ಕೊಟ್ಟು, 75 ಗ್ರಾಂ ಗ್ಲೂಕೋಸನ್ನು 250ರಿಂದ 300 ಮಿಲಿ ನೀರಿನಲ್ಲಿ ಕದಡಿ ಐದು ನಿಮಿಷದೊಳಗೆ ಕುಡಿಯಬೇಕು. ಗಡಿಯಾರ ಶುರುವಾಗೋದು ಮೊದಲ ಗುಟುಕಿಗೆ. ಪುಡಿ ನೀರಿನಂಶದ ಮಾನೋಹೈಡ್ರೇಟ್ ಆಗಿದ್ದರೆ 82.5 ಗ್ರಾಂ ತೂಗಬೇಕು, ಪೊಟ್ಟಣದ ಮೇಲೆ ಬರೆದಿರುತ್ತೆ. ಎರಡು ಗಂಟೆ ಕೂತೇ ಇರಬೇಕು, ಪೇಟೆ ಸುತ್ತಿ ಬರೋದಲ್ಲ. ವಾಂತಿಯಾದರೆ ಅವತ್ತಿಗೆ ಪರೀಕ್ಷೆ ರದ್ದು.

ಖಾಲಿ ಹೊಟ್ಟೆಯಲ್ಲಿ 126 ಅಥವಾ ಎರಡನೇ ಗಂಟೆಗೆ 200 ಮುಟ್ಟಿದರೆ ಸಕ್ಕರೆ ಕಾಯಿಲೆ. ಲಕ್ಷಣವಿಲ್ಲದವರಲ್ಲಿ ಎರಡೂ ಮಿತಿ ದಾಟಬೇಕು, ಒಂದೇ ದಾಟಿದ್ದರೆ ಇನ್ನೊಂದು ದಿನ ಖಚಿತಪಡಿಸಿಕೊಳ್ಳಬೇಕು. ಎರಡನೇ ಗಂಟೆಯದು 140ರಿಂದ 199 ಇದ್ದರೆ ಪೂರ್ವ ಹಂತ. ಮನೆಯ ಗ್ಲೂಕೋಮೀಟರಿನಲ್ಲಿ ಈ ತೀರ್ಮಾನ ಬೇಡ, 100ರ ಮೇಲೆ ಶೇ. 15ರಷ್ಟು ಆಚೀಚೆ ಅದಕ್ಕೆ ಮಾಫಿ. ಮೆಟ್‌ಫಾರ್ಮಿನ್ ಶುರುವಾದರೆ ಚಿತ್ರ ಕಲಸುತ್ತೆ, ಬರೆದ ವೈದ್ಯರಿಗೆ ಇದನ್ನೇ ಹೇಳಿ ಪರೀಕ್ಷೆಯವರೆಗೆ ಕಾಯಬಹುದೇ ಕೇಳಿ.

ಕಬ್ಬಿಣದ ಮಾತ್ರೆ ಶುರುವಾದ ಮೇಲೆ ಹೊಸ ಕಣಗಳು ತುಂಬಿ ಎಚ್‌ಬಿಎ1ಸಿ ಇಳಿಯುತ್ತೆ. ಅದನ್ನು ಪಥ್ಯದ ಫಲ ಅಂದುಕೊಳ್ಳಬೇಡಿ. ಹಿಮೋಗ್ಲೋಬಿನ್ ಸರಿಹೋಗಿ ಮೂರು ತಿಂಗಳಾದ ಮೇಲಿನ ಎಚ್‌ಬಿಎ1ಸಿಗೆ ಮಾತ್ರ ಬೆಲೆ. ಮಾತ್ರೆ ಜೊತೆ ಕಾಫಿ, ಟೀ ಬೇಡ.

ಇನ್ನೊಬ್ಬರ ಪ್ರಶ್ನೆ: ನಮ್ಮ ಮಾವನವರಿಗೆ ಡಯಾಲಿಸಿಸ್ ನಡೀತಿದೆ, ರಕ್ತ ಹೆಚ್ಚಿಸೋ ಎರಿಥ್ರೋಪೊಯೆಟಿನ್ ಇಂಜೆಕ್ಷನ್ನೂ ಇದೆ. ಎಚ್‌ಬಿಎ1ಸಿ 5.9, ಗ್ಲೂಕೋಮೀಟರಿನಲ್ಲಿ ಮಾತ್ರ ದಿನಾ 200ರ ಮೇಲೆ. ಇನ್ಸುಲಿನ್ ಕಡಿಮೆ ಮಾಡಬಹುದಾ ಮೇಡಂ?

ಉತ್ತರ: ಈ 5.9 ನೋಡಿ ಇಳಿಸಬೇಡಿ. ಇಲ್ಲಿ ಲೆಕ್ಕ ತಿರುಗಾಮುರುಗಾ. ಇಂಜೆಕ್ಷನ್ ಎಳೆಯ ಕಣಗಳನ್ನು ರಕ್ತಕ್ಕೆ ತಳ್ಳುತ್ತೆ, ಅವಕ್ಕೆ ಗ್ಲೂಕೋಸ್ ಅಂಟೋಕೆ ಸಮಯವೇ ಸಿಕ್ಕಿರಲ್ಲ. ಕಿಡ್ನಿ ಸೋತಾಗ ಕಣಗಳ ಆಯಸ್ಸೂ ಕಡಿಮೆ. 5.9 ಅಂದರೆ ಸರಾಸರಿ ಶುಗರ್ 123 ಅಂತ ಅರ್ಥ (28.7ರಿಂದ ಗುಣಿಸಿ 46.7 ಕಳೆಯಿರಿ). ದಿನಾ 200 ಕಾಣುವವರಿಗೆ ಅದು ಹೊಂದುತ್ತಾ? ಊಟಕ್ಕೆ ಮುಂಚೆ, ಎರಡು ಗಂಟೆ ನಂತರ, ಮಲಗುವಾಗಿನ ಅಂಕಿಗಳನ್ನು ಎರಡು ವಾರ ಬರೆದಿಡಿ. ಡಯಾಲಿಸಿಸ್ ದಿನ ಯಾವುದು ಅಂತ ಗುರುತು ಹಾಕಿ, ಆ ದಿನ ಶುಗರ್ ಬೀಳುವ ಸಂಭವ ಹೆಚ್ಚು. ಸಾಧ್ಯವಾದರೆ ತೋಳಿಗೆ ಅಂಟಿಸುವ 14 ದಿನದ ಸೆನ್ಸರ್ ಒಳ್ಳೆಯದು. ಆ ಹಾಳೆ ನೋಡಿಯೇ ವೈದ್ಯರು ಡೋಸ್ ಬದಲಿಸಲಿ.

ಲ್ಯಾಬ್ ಟೆಕ್ನಿಷಿಯನ್ ಒಬ್ಬರು: ಮೇಡಂ, ಎಚ್‌ಪಿಎಲ್‌ಸಿ (ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯೋ ವಿಧಾನ) ಗ್ರಾಫಿನಲ್ಲಿ ಬೇರೆ ಹಿಮೋಗ್ಲೋಬಿನ್ನಿನ ಶಿಖರ ಬಂದರೆ ಅಂಕಿ ಕೊಡಬೇಕಾ ಬೇಡವಾ?

ಉತ್ತರ: ಗ್ರಾಫ್ ನೋಡದೆ ಅಂಕಿ ಬಿಡಲೇಬೇಡಿ. ಕುಡಗೋಲು ಕಣದ (ಸಿಕಲ್ ಸೆಲ್) ವಾಹಕರಲ್ಲಿ ಆ ಯಂತ್ರ, ಆ ವಿಧಾನ ತಡೆದುಕೊಳ್ಳುತ್ತಾ ಅಂತ ಕಂಪನಿಯ ಮಾಹಿತಿಪತ್ರ ನೋಡಿ ಕೊಡಬಹುದು. ಪೂರ್ಣ ಕುಡಗೋಲು ರೋಗ ಇದ್ದವರಲ್ಲಿ ಎಲ್ಲರಲ್ಲಿರೋ ಸಾಮಾನ್ಯ ಬಗೆಯ ಹಿಮೋಗ್ಲೋಬಿನ್ ಎ ಇರೋದೇ ಇಲ್ಲ, ಆಗ ಎ1ಸಿ ಎಲ್ಲಿಂದ? ಚಾಮರಾಜನಗರ, ಕೊಡಗಿನ ಬುಡಕಟ್ಟು ಜನರ ಮಾದರಿ ಬರುವ ಲ್ಯಾಬುಗಳಿಗೆ ಇದು ಅಪರೂಪದ ಸಂಗತಿಯಲ್ಲ. ‘ಭಿನ್ನ ಹಿಮೋಗ್ಲೋಬಿನ್ ಇದೆ, ಗ್ಲೂಕೋಸ್ ಪರೀಕ್ಷೆಯಿಂದ ನಿರ್ಣಯಿಸಿ’ ಅಂತ ಬರೆದು ಗ್ರಾಫಿನ ಪ್ರತಿ ಲಗತ್ತಿಸಿ.