ಎಡಗಡೆ ಮುಂದಿನ ಹಲ್ಲು ಇನ್ನೂ ಬಂದಿಲ್ಲ, ಕಾಯಬಹುದಾ?

ಸಾಗರದ ಅಮ್ಮ:
ಮಗಳಿಗೆ ಎಂಟೂವರೆ ವರ್ಷ. ಮೇಲಿನ ಮುಂದಿನ ಎರಡೂ ಹಾಲುಹಲ್ಲು ಹೋದ ಮಳೆಗಾಲದಲ್ಲೇ ಬಿದ್ದವು. ಅವಳಜ್ಜಿ ಸಗಣಿ ಉಂಡೆಯೊಳಗಿಟ್ಟು ಹೆಂಚಿನ ಮೇಲೆ ಎಸೆಸಿದ್ದರು. ಬಲಗಡೆಯದು ದೀಪಾವಳಿ ಹೊತ್ತಿಗೆ ಬಂತು. ಎಡಗಡೆ ಈಗ ಶ್ರಾವಣ ಬಂದರೂ ಖಾಲಿ. ಅದರ ಪಕ್ಕದ ಹಲ್ಲು ಆಗಲೇ ಬಂದು ಆ ಜಾಗಕ್ಕೆ ವಾಲಿಕೊಂಡಿದೆ. ಬೆರಳಿಟ್ಟು ನೋಡಿದರೆ ವಸಡು ಗಟ್ಟಿ, ಹಲ್ಲಿನ ಉಬ್ಬೇ ಸಿಗಲ್ಲ. ಮನೆಯಲ್ಲಿ "ಬರುತ್ತೆ ಬಿಡು, ಕೆಲವರಿಗೆ ತಡ" ಅಂತಾರೆ. ಆದರೆ ಇವಳು ನಗುವಾಗ ಕೈ ಅಡ್ಡ ಇಟ್ಟುಕೊಳ್ಳಲು ಶುರು ಮಾಡಿದ್ದಾಳೆ. ನೋಡೋಕಾಗ್ತಿಲ್ಲ ನನಗೆ.

ಹುಬ್ಬಳ್ಳಿಯ ಅಪ್ಪ:
ಕಾಯಬೇಡ್ರಿ ಅಕ್ಕಾ. ನಾವು ಹಾಗೇ ಒಂದು ವರ್ಷ ಕಳೆದೆವು. ಎಕ್ಸ್‌-ರೇ ತೆಗೆಸಿದರೆ ಮೊಳೆಯಂಥ ಒಂದು ಹೆಚ್ಚಿನ ಹಲ್ಲು ದಾರಿಗೆ ಅಡ್ಡ ಕೂತಿತ್ತು. ಅದನ್ನು ತೆಗೆದರು. ಜಾಗ ಸಾಕಷ್ಟಿತ್ತು, ಏಳು ತಿಂಗಳಿಗೆ ಹಲ್ಲು ತಾನಾಗೇ ಇಳಿಯಿತು.

ಮಕ್ಕಳ ದಂತವೈದ್ಯೆ:
ಮೇಲಿನ ನಡುವಿನ ಹಲ್ಲುಗಳು ಸಾಮಾನ್ಯವಾಗಿ 7-8 ವರ್ಷಕ್ಕೆ, ಅವುಗಳ ಪಕ್ಕದವು 8-9ಕ್ಕೆ ಬರುತ್ತವೆ. ಒಂದು ಬಂದು 6 ತಿಂಗಳಾದರೂ ಅದರ ಜೋಡಿ ಬರದಿದ್ದರೆ, ಅಥವಾ ಪಕ್ಕದ್ದೇ ಮೊದಲು ಬಂದರೆ, ಎಕ್ಸ್‌-ರೇ ಬೇಕೇ ಬೇಕು. ನಿಮ್ಮ ಮಗಳಲ್ಲಿ ಎರಡೂ ಇವೆ. ಇನ್ನೊಂದು ಮಾತು, ಚಿಕ್ಕವಳಿದ್ದಾಗ ಬಾಯಿಗೆ ಪೆಟ್ಟು ಬಿದ್ದಿತ್ತಾ?

ಸಾಗರದ ಅಮ್ಮ:
ಮೇಡಂ, ನೀವು ಕೇಳಿದ ಮೇಲೇ ನೆನಪಾಯಿತು. ನಾಲ್ಕು ವರ್ಷದವಳಿದ್ದಾಗ ಜಗಲಿ ಮೆಟ್ಟಿಲಿಂದ ಮುಗ್ಗರಿಸಿ ಬಿದ್ದಿದ್ದಳು. ಆ ಹಾಲುಹಲ್ಲು ಒಳಕ್ಕೆ ಹೊಕ್ಕು, ಆಮೇಲೆ ಬೂದಿ ಬಣ್ಣಕ್ಕೆ ತಿರುಗಿತ್ತು. ಬೀಳೋ ಹಲ್ಲು ತಾನೇ ಅಂತ ಎಲ್ಲರೂ ಮರೆತೆವು.

ಶಿವಮೊಗ್ಗದಲ್ಲಿ ಎಕ್ಸ್‌-ರೇ, ಆಮೇಲೆ ಸ್ಕ್ಯಾನ್ ಆಯಿತು. ಹಲ್ಲು ಇದೆ! ಆದರೆ ಬೇರಿನ ಹತ್ತಿರ ಬಾಗಿ, ಕಚ್ಚುವ ತುದಿ ಮೂಗಿನ ಕಡೆ ನೋಡುತ್ತಿದೆ. ಮೇಲಿನ ಹಾಲುಹಲ್ಲಿನ ಬೇರಿನ ಹಿಂದೆಯೇ ಹೊಸ ಹಲ್ಲು ಬೆಳೀತಿರುತ್ತಂತೆ, ಪೆಟ್ಟು ಅದಕ್ಕೂ ತಗಲಿದೆ. ಮೊದಲು ಕ್ಲಿಪ್ ಹಾಕಿ ಜಾಗ ಬಿಡಿಸುತ್ತಾರೆ. ಆಮೇಲೆ ವಸಡು ತೆರೆದು, ಹಲ್ಲಿಗೆ ಸಣ್ಣ ಸರಪಳಿ ಅಂಟಿಸಿ, ನಿಧಾನಕ್ಕೆ ಕೆಳಗೆ ಎಳೆಯುತ್ತಾರೆ. ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಬಹುದು. ಬಾಗು ತೀರಾ ಜಾಸ್ತಿ ಇದ್ದರೆ ಆಗದೆಯೂ ಇರಬಹುದು ಅಂತ ಮುಚ್ಚುಮರೆಯಿಲ್ಲದೆ ಹೇಳಿದರು.

ದಂತವೈದ್ಯೆ:
ಬೇರು ಇನ್ನೂ ಬೆಳೆಯುತ್ತಿರುವ ವಯಸ್ಸು, ಈಗ ಹೋಗಿದ್ದು ಒಳ್ಳೆಯದೇ ಆಯಿತು. ಸರಪಳಿ ಹಾಕಿದ ಮೇಲೆ ಮೆತ್ತಗಿನ ಬ್ರಷ್‌ನಿಂದ ಅದರ ಸುತ್ತಲೂ ದಿನಾ ತಿಕ್ಕಿಸಿ. ಚಕ್ಕುಲಿ, ಕಡಲೆಮಿಠಾಯಿ ಸದ್ಯಕ್ಕೆ ಬೇಡ.

ಸಾಗರದ ಅಮ್ಮ:
ಸರಿ ಮೇಡಂ. ಸೋಮವಾರ ಕ್ಲಿಪ್ ಹಾಕುತ್ತಾರೆ. ಎಕ್ಸ್‌-ರೇಯಲ್ಲಿ ತನ್ನ ಹಲ್ಲು ನೋಡಿದಾಗಿಂದ ಅವಳು ಮನೆಗೆ ಬಂದವರಿಗೆಲ್ಲ ಬೆರಳಿಟ್ಟು ತೋರಿಸುತ್ತಿದ್ದಾಳೆ, "ಇಲ್ಲೇ ಒಳಗಿದೆ" ಅಂತ.