ಅಪ್‌ಡೇಟ್: ಹಾಸಿಗೆ ಹಿಡಿದ ಅತ್ತೆಯವರಿಗೆ ಇಗರ್ಜಿಯ (ಚರ್ಚಿನ) ಒಡನಾಟ ಮತ್ತೆ ದೊರೆಯಿತು

ಸೊಂಟದ ಮೂಳೆ ಮುರಿದು ಮಲಗಿರುವ ನಮ್ಮ ಅತ್ತೆಯವರು ಇಗರ್ಜಿಯಿಂದ ದೂರವಾದೆನೆಂದು ಕೊರಗುತ್ತಿದ್ದಾರೆ, ಏನು ಮಾಡಲಿ ಎಂದು ಕೆಲವು ದಿನಗಳ ಹಿಂದೆ ಮಂಜೇಶ್ವರದಿಂದ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು.

ಮೊಬೈಲಿನಲ್ಲಿ ಬಲಿಪೂಜೆಯ (ಇಗರ್ಜಿಯ ಮುಖ್ಯ ಆರಾಧನೆಯ) ನೇರ ಪ್ರಸಾರ ತೋರಿಸುವ ಸಲಹೆ ಫಲಿಸಲಿಲ್ಲ. ಅವರಿಗೆ ಬೇಕಿದ್ದುದು ಪರಮಪ್ರಸಾದ (ಬಲಿಪೂಜೆಯಲ್ಲಿ ಕ್ರಿಸ್ತನ ಶರೀರವೆಂದು ಸ್ವೀಕರಿಸುವ ಪವಿತ್ರ ರೊಟ್ಟಿ) ಮತ್ತು ಪರಿಚಿತ ಮುಖಗಳು. ವಾಳೆಯ (ಇಗರ್ಜಿಗೆ ಸೇರಿದ ನೆರೆಹೊರೆಯ ಮನೆಗಳ ಗುಂಪಿನ) ಮುಖಂಡರಾದ ಗುರಿಕಾರರ ಮೂಲಕ ಧರ್ಮಗುರುಗಳಿಗೆ ತಿಳಿಸಿರೆಂಬ ಸಲಹೆಯೇ ಕೈಹಿಡಿಯಿತು. ಈಗ ಭಾನುವಾರದ ಪೂಜೆಯ ಬಳಿಕ, ಇದಕ್ಕೆಂದೇ ನೇಮಕಗೊಂಡ ನಮ್ಮ ಇಗರ್ಜಿಯ ವಿಶ್ವಾಸಿಯೊಬ್ಬರು ಪರಮಪ್ರಸಾದವನ್ನು ಮನೆಗೆ ತರುತ್ತಾರೆ. ಅವರೊಡನೆ ಬರುವ ನೆರೆಯ ಹೆಂಗಸರು ಜಪಸರ (ಮಣಿಮಾಲೆ ಹಿಡಿದು ಮಾಡುವ ಪ್ರಾರ್ಥನೆ) ಮುಗಿದ ಮೇಲೂ ಕುಳಿತು, ಯಾರ ಮನೆಯಲ್ಲಿ ಮದುವೆ, ಯಾರಿಗೆ ಹುಷಾರಿಲ್ಲ ಎಂಬುದನ್ನೆಲ್ಲ ಹೇಳುವುದರಿಂದ, ಅತ್ತೆಯವರು ಮತ್ತೆ ಇತರರಿಗಾಗಿ ಪ್ರಾರ್ಥಿಸತೊಡಗಿದ್ದಾರೆ. ನನಗೆ ಅತ್ಯಂತ ಸಂತೋಷ ತಂದದ್ದು ಇದೇ.

ನನಗೆ ತಿಳಿದಿರದ ಸಂಗತಿಯೊಂದಿತ್ತು: ಪರಮಪ್ರಸಾದಕ್ಕೆ ಮುನ್ನ ಒಂದು ಗಂಟೆ ನೀರು ಮತ್ತು ಔಷಧಿ ಬಿಟ್ಟು ಬೇರೇನನ್ನೂ ಸೇವಿಸಬಾರದೆಂಬ ನಿಯಮದಿಂದ ವೃದ್ಧರಿಗೂ ರೋಗಿಗಳಿಗೂ ಮಾತ್ರವಲ್ಲದೆ, ಅವರ ಆರೈಕೆ ಮಾಡುವವರಿಗೂ ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆ ವಿನಾಯಿತಿ ನೀಡಿದೆ. ಸಕ್ಕರೆ ಕಾಯಿಲೆಯ ಅತ್ತೆಯವರನ್ನು ಹಸಿವಿನಲ್ಲಿ ಕಾಯಿಸಬೇಕಾಗಿಲ್ಲ. ಧರ್ಮಗುರುಗಳು ಪವಿತ್ರ ತೈಲ ಹಚ್ಚಿ ಪ್ರಾರ್ಥಿಸುವ ರೋಗಿಗಳ ತೈಲಲೇಪನ ಸಂಸ್ಕಾರವೆಂದರೆ ಸಾವಿನ ಸೂಚನೆ ಎಂದು ಅವರು ಹೆದರಿದ್ದರು. ವೃದ್ಧಾಪ್ಯದ ಅಥವಾ ಗಂಭೀರ ಕಾಯಿಲೆಯ ಅಪಾಯ ಆರಂಭವಾದಾಗಲೇ ಅದನ್ನು ಪಡೆಯಬಹುದು, ಗುಣಮುಖರಾಗಿ ಮತ್ತೆ ಗಂಭೀರವಾಗಿ ಕಾಯಿಲೆ ಬಿದ್ದರೆ ಪುನಃ ಸ್ವೀಕರಿಸಬಹುದು ಎಂದು ಧರ್ಮಗುರುಗಳು ಹಾಸಿಗೆಯ ಬಳಿ ಕುಳಿತು ವಿವರಿಸಿದ ಮೇಲೆ, ಅತ್ತೆಯವರು ತಾವಾಗಿಯೇ ಅದನ್ನು ಕೇಳಿ ಸ್ವೀಕರಿಸಿದರು.