ಹಳೇ ಸ್ನೋಮೊಬೈಲ್ ಕೊಳ್ಳಬೇಕು, ಅನುಭವ ಇದ್ದವರು ಹೇಳಿ

ಪ್ರಶ್ನೆ:

ನಮಸ್ಕಾರ. ಅಮೆರಿಕದ ಮಿನೆಸೊಟದಲ್ಲಿ, ಮಿನಿಯಾಪೊಲಿಸ್‌ನಿಂದ ಉತ್ತರಕ್ಕೆ ಒಂದು ಕೆರೆ ಪಕ್ಕ ಮನೆ ಮಾಡಿದ್ದೇವೆ. ಚಳಿಗಾಲ ಬಂತೆಂದರೆ ಮನೆ ಮುಂದೆಯೇ ಸ್ನೋಮೊಬೈಲ್ (ಮುಂದೆ ಸ್ಕೀ, ಹಿಂದೆ ಸುತ್ತುವ ರಬ್ಬರ್ ಪಟ್ಟಿ ಇರುವ ಹಿಮದ ಗಾಡಿ) ಓಡಾಟ. ನಮಗೂ ಒಂದು ಬೇಕು ಅಂತ ಮಕ್ಕಳು ಪ್ರಾಣ ತಿನ್ನುತ್ತಿದ್ದಾರೆ. ಹೊಸದರ ಬೆಲೆ ಕೇಳಿ ಸುಮ್ಮನಾದೆ. 1,500 ಡಾಲರ್ ಒಳಗೆ ಎರಡು ಕಣ್ಣಿಗೆ ಬಿದ್ದಿವೆ, ಎರಡೂ 1990ರ ದಶಕದವು: ಪೊಲಾರಿಸ್ ಇಂಡಿ 500 ಒಂದು, ಇಂಡಿ ಟ್ರೇಲ್ ಒಂದು. 500 ಮಾರುವವರು "ಬರೀ 3,000 ಮೈಲಿ ಓಡಿದೆ, ಹೋದ ವರ್ಷ ಚೆನ್ನಾಗಿ ಓಡಿತ್ತು" ಅನ್ನುತ್ತಾರೆ. ಏನೇನು ನೋಡಬೇಕು? ಕೊಂಡ ಮೇಲೆ ನಾನೇ ನೋಡಿಕೊಳ್ಳಬಹುದಾ? ಸ್ಪ್ಯಾನರ್ ಹಿಡಿದು ಗೊತ್ತು, ಅಷ್ಟೇ.

ಡುಲೂತ್ ಕಡೆಯಿಂದ:

ಸಾರ್, ಆ "ಹೋದ ವರ್ಷ ಓಡಿತ್ತು" ಅನ್ನುವ ಮಾತಿಗೆ ಒಂದು ಡಾಲರ್ ಕೂಡ ಜಾಸ್ತಿ ಕೊಡಬೇಡಿ. ಮೀಟರಿನ 3,000 ಮೈಲಿಗೂ ಅಷ್ಟೇ. ಆ ಕಾಲದ ಮೀಟರ್ ಕೇಬಲ್‌ನಲ್ಲಿ ಓಡುವಂಥದ್ದು. ಕೇಬಲ್ ತುಂಡಾದ ಮೇಲೂ ಗಾಡಿ ಓಡುತ್ತಲೇ ಇರುತ್ತದೆ, ಮೀಟರ್ ಮಾತ್ರ ನಿಂತಲ್ಲೇ ನಿಂತಿರುತ್ತದೆ.

ಹಳೇ ಸ್ಲೆಡ್ (ಸ್ನೋಮೊಬೈಲ್‌ಗೆ ಇಲ್ಲಿ ಹೀಗೂ ಅನ್ನುತ್ತಾರೆ) ಓಡಿ ಹಾಳಾಗುವುದಕ್ಕಿಂತ ನಿಂತು ಹಾಳಾಗುವುದೇ ಜಾಸ್ತಿ. ವರ್ಷದಲ್ಲಿ ಎಂಟು ತಿಂಗಳು ಶೆಡ್ಡಿನ ಮೂಲೆಯಲ್ಲಿ ಬಿದ್ದಿರುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಕೆಡುತ್ತದೆ, ಕಾರ್ಬ್ಯುರೇಟರಿನ ಸಣ್ಣ ಜೆಟ್‌ನಲ್ಲಿ ಅಂಟು ಕಟ್ಟುತ್ತದೆ, ಕ್ರ್ಯಾಂಕಿನ ರಬ್ಬರ್ ಸೀಲ್ ಒಣಗಿ ಬಿರುಕು ಬಿಟ್ಟು ಅಲ್ಲಿಂದ ಗಾಳಿ ಎಳೆಯಲು ಶುರುವಾಗುತ್ತದೆ. ಜೆಟ್ ಕಟ್ಟಲಿ, ಸೀಲ್ ಹೋಗಲಿ, ಕೊನೆಗೆ ಆಗುವುದು ಒಂದೇ: ಎಂಜಿನ್‌ಗೆ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ. ಹಾಗೆ ಓಡಿಸಿದರೆ ಬಿಸಿ ಏರಿ ಪಿಸ್ಟನ್ ಹಿಡಿಯುತ್ತದೆ, ಇಲ್ಲವೇ ಅದರ ತಲೆಯಲ್ಲೇ ತೂತು ಬೀಳುತ್ತದೆ. ಮಜಾ ಅಂದರೆ ಅದಕ್ಕೆ ಸ್ವಲ್ಪ ಮುಂಚೆ ಗಾಡಿ ಬಹಳ ಚುರುಕಾಗಿ ಓಡುತ್ತಿದೆ ಅಂತಲೇ ಅನಿಸಬಹುದು.

ಹಾಗಾಗಿ ನೋಡಲು ಹೋಗುವಾಗ ಫೋನ್‌ನಲ್ಲೇ ಹೇಳಿಬಿಡಿ, ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ. ಹೋದ ತಕ್ಷಣ ಎಂಜಿನ್ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಅವರು ಯಾಕೆ ಮೊದಲೇ ಬಿಸಿ ಮಾಡಿಟ್ಟರು ಅಂತ ಯೋಚಿಸಿ. ತಣ್ಣಗಿರುವ ಎಂಜಿನ್ ಚೋಕ್ ಹಾಕಿ ನಾಲ್ಕೈದು ಸಲ ಸ್ಟಾರ್ಟರ್ ಹಗ್ಗ ಎಳೆದರೆ ಹತ್ತಿಕೊಳ್ಳಬೇಕು. ಹತ್ತಿದ ಮೇಲೆ ಐಡಲ್‌ನಲ್ಲಿ ಒಂದೇ ಸಮ ನಿಲ್ಲಬೇಕು. ತಾನಾಗಿಯೇ ಆರ್‌ಪಿಎಂ ಮೇಲೇರಿ ಇಳಿಯದೇ ನಿಂತರೆ ಗಾಳಿ ಸೋರಿಕೆ ಇದೆ ಅಂತ ಅನುಮಾನ ಪಡಿ.

ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಒಂದನ್ನು ಜೊತೆಗೆ ಒಯ್ಯಿರಿ. ಆಟೋ ಬಿಡಿಭಾಗದ ಅಂಗಡಿಗಳಲ್ಲಿ ಬಾಡಿಗೆಗೂ ಸಿಗುತ್ತದೆ. ಎರಡೂ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ಒತ್ತಿಹಿಡಿದು, ಮುಳ್ಳು ಮೇಲೇರುವುದು ನಿಲ್ಲುವವರೆಗೆ ಹಗ್ಗ ಎಳೆಯಿರಿ. ಈ ಥರದ ಟ್ವಿನ್ ಎಂಜಿನ್‌ಗಳಲ್ಲಿ 110ರಿಂದ 130 ಪಿಎಸ್‌ಐ ಬಂದರೆ ಸಾಮಾನ್ಯವಾಗಿ ಪರವಾಗಿಲ್ಲ. ಅಂಕಿಗಿಂತ ಮುಖ್ಯ, ಎರಡೂ ಸಿಲಿಂಡರ್ ನಡುವೆ ಶೇಕಡಾ 10ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ತೆಗೆದ ಪ್ಲಗ್‌ಗಳ ಬಣ್ಣವನ್ನೂ ನೋಡಿ. ಕಾಫಿ ಬಣ್ಣ ಒಳ್ಳೆಯದು. ಬಿಳಿಚಿಕೊಂಡಿದ್ದರೆ ಮೇಲೆ ಹೇಳಿದ ತೊಂದರೆ.

ಇನ್ನೂ ಒಂದು, ಇದನ್ನು ಬಹಳ ಜನ ಮಾಡುವುದಿಲ್ಲ. ಎಕ್ಸಾಸ್ಟ್ ಪೈಪ್ ಸ್ಪ್ರಿಂಗ್‌ಗಳ ಮೇಲೆ ನಿಂತಿರುತ್ತದೆ. ಮಾರುವವರು ಒಪ್ಪಿದರೆ ಅದನ್ನೂ ಮ್ಯಾನಿಫೋಲ್ಡನ್ನೂ ಬಿಚ್ಚಿ, ಪೋರ್ಟ್ ಒಳಗೆ ಟಾರ್ಚ್ ಬಿಟ್ಟು ಪಿಸ್ಟನ್ ಪಕ್ಕ ನೋಡಿ. ನುಣುಪಾಗಿದ್ದರೆ ಸರಿ. ಮೇಲಿಂದ ಕೆಳಗೆ ಗೀರು ಬಿದ್ದಿದ್ದರೆ ಒಂದು ಸಲ ಹಿಡಿದು ಬಿಟ್ಟಿದೆ ಅಂತ ಅರ್ಥ, ಕಂಪ್ರೆಷನ್ ಎಷ್ಟೇ ಚೆನ್ನಾಗಿ ತೋರಿಸಲಿ. ಬಿಚ್ಚಲು ಒಪ್ಪದಿದ್ದರೆ ತಪ್ಪು ಅವರದ್ದೇ ಅನ್ನಲಾಗದು, ಆದರೆ ಆ ಅನುಮಾನಕ್ಕೆ ಬೆಲೆ ಇಳಿಸಿಕೊಳ್ಳಿ.

ಎಂಜಿನ್ ಬಿಟ್ಟರೆ ಖರ್ಚು ತರುವುದು ಟ್ರ್ಯಾಕ್, ಅಂದರೆ ಕೆಳಗೆ ಸುತ್ತುವ ರಬ್ಬರ್ ಪಟ್ಟಿ. ಒಂದು ಸುತ್ತು ಪೂರ್ತಿ ತಿರುಗಿಸಿ ನೋಡಿ: ಹಲ್ಲು ಕಿತ್ತಿದೆಯಾ, ಅಂಚಿನಲ್ಲಿ ದಾರ ಹೊರಗೆ ಬಂದಿದೆಯಾ, ಸೀಳಿದೆಯಾ. ಹೊಸ ಟ್ರ್ಯಾಕ್ ಹಾಕಲು ಹೊರಟರೆ ನಿಮ್ಮ ಬಜೆಟ್ಟಿನ ಗಾಡಿಗೆ ಅದು ದೊಡ್ಡ ಪಾಲೇ. ಮುಂದಿನ ಸ್ಕೀಗಳನ್ನು ಹಿಡಿದು ಅಲ್ಲಾಡಿಸಿ, ಲಟಲಟ ಅಂದರೆ ಬುಶ್ ಸವೆದಿದೆ, ಅದು ಸಣ್ಣ ಕೆಲಸ. ಟನಲ್ (ಸೀಟಿನ ಕೆಳಗೆ ಟ್ರ್ಯಾಕನ್ನು ಮುಚ್ಚುವ ಲೋಹದ ಚೌಕಟ್ಟು) ಸೊಟ್ಟಗಾಗಿದ್ದರೆ, ಸಸ್ಪೆನ್ಷನ್ ಕೂರುವ ಕಡೆ ಬಿರುಕಿದ್ದರೆ, ಬೆಸುಗೆ ಹಾಕಿದ ಗುರುತಿದ್ದರೆ ಮಾತು ಬೆಳೆಸದೆ ವಾಪಸ್ ಬನ್ನಿ.

ರಾಚೆಸ್ಟರ್‌ನಿಂದ:

ಅಣ್ಣ ಹೇಳಿದ್ದೆಲ್ಲ ಸರಿ. ನಾನು ಒಂದೇ ಮಾತು ಸೇರಿಸುತ್ತೇನೆ, 500 ಬಿಡಿ, ಟ್ರೇಲ್ ತಗೊಳ್ಳಿ. ಅದು ಫ್ಯಾನ್‌ನಿಂದ ತಣ್ಣಗಾಗುವ ಎಂಜಿನ್. ಕೂಲಂಟ್ ಇಲ್ಲ, ಪಂಪ್ ಇಲ್ಲ, ಪೈಪ್ ಇಲ್ಲ, ಸೋರುವುದಕ್ಕೇ ಏನೂ ಇಲ್ಲ. ಮೊದಲ ಗಾಡಿಗೆ ಅಷ್ಟು ಸಾಕು.

ಎರಡೂ ಗಾಡಿಗೆ ಸೇರಿಸಿ ಹೇಳುವುದಾದರೆ, ಊರಲ್ಲಿ ಆರ್‌ಎಕ್ಸ್ 100 ಬೈಕ್ ಬಿಚ್ಚಿ ಜೋಡಿಸಿದವರಿಗೆ ಈ ಎಂಜಿನ್ ಹೊಸದಲ್ಲ. ಅದೇ ಟೂ-ಸ್ಟ್ರೋಕ್, ಅದೇ ಥರ ಬೇರೆ ಡಬ್ಬಿಯಿಂದ ಎಣ್ಣೆ ಎಳೆಯುವ ಪಂಪ್. ಇನ್ನೂ ಹಳೇ ಸ್ಲೆಡ್ ಆದರೆ ಯೆಜ್ಡಿಗೆ ಹಾಕುತ್ತಿದ್ದ ಹಾಗೆ ಪೆಟ್ರೋಲ್‌ಗೇ ಎಣ್ಣೆ ಬೆರೆಸಬೇಕು. ನಿಮ್ಮ ಎರಡೂ ಗಾಡಿಗೆ ಪಂಪ್ ಇರುತ್ತದೆ. ಥ್ರಾಟಲ್ ಒತ್ತಿದಾಗ ಪಂಪಿನ ತೋಳೂ ಜೊತೆಗೇ ಏಳುತ್ತದಾ ಅಂತ ನೋಡಿಕೊಳ್ಳಿ, ತೋಳಿನ ಮೇಲಿನ ಗುರುತೂ ಪಂಪಿನ ಮೇಲಿನ ಗುರುತೂ ಒಂದಕ್ಕೊಂದು ಕೂರಬೇಕು.

ಪ್ರಶ್ನೆ ಕೇಳಿದವರು:

ತುಂಬಾ ಥ್ಯಾಂಕ್ಸ್. ಆದರೆ ಅಕ್ಕಪಕ್ಕದವರೆಲ್ಲ ಲಿಕ್ವಿಡ್ ಕೂಲ್ಡ್ ಆದರೆ ಜಾಸ್ತಿ ದಿನ ಬಾಳುತ್ತದೆ ಅನ್ನುತ್ತಾರಲ್ಲ? ನಾವು ಜಾಸ್ತಿ ಓಡಿಸುವುದು ಕೆರೆ ಮೇಲೆ.

ಡುಲೂತ್ ಕಡೆಯಿಂದ:

ಕೆರೆ ಮೇಲೆ ಅಂದರೆ ಫ್ಯಾನ್ ಎಂಜಿನ್ನೇ ಸರಿ ಸಾರ್. ಲಿಕ್ವಿಡ್ ಎಂಜಿನ್‌ನಲ್ಲಿ ಬಿಸಿ ಕೂಲಂಟ್ ಟನಲ್‌ನ ಒಳಮೈಯಲ್ಲಿ ಹಾದುಹೋಗುತ್ತದೆ, ಟ್ರ್ಯಾಕ್ ಎರಚುವ ಹಿಮ ಬಡಿದು ಅದು ತಣ್ಣಗಾಗುತ್ತದೆ. ಹಿಮವೇ ಇಲ್ಲದ ಬರೀ ಗಟ್ಟಿ ಮಂಜುಗಡ್ಡೆ ಮೇಲೆ ಎರಚಲು ಏನಿದೆ? ಕೆಲವೇ ಮೈಲಿಗೆ ಬಿಸಿ ದೀಪ ಹತ್ತುತ್ತದೆ. ಸಡಿಲ ಹಿಮ ಬೇಕಾದಷ್ಟು ಬೀಳುವ ಕಡೆ ಆ ಚಿಂತೆ ಇಲ್ಲ. ಆಗ ಲಿಕ್ವಿಡ್ ನಿಜಕ್ಕೂ ಮೇಲು, ಬಿಸಿ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ, ಶಕ್ತಿಯೂ ಜಾಸ್ತಿ.

ಆದರೆ ಟ್ರೇಲ್ ತಗೊಂಡರೂ ಗಟ್ಟಿ ಮಂಜಿನ ಮೇಲೆ ಒಂದೇ ವೇಗದಲ್ಲಿ ದೂರ ಓಡಿಸಬೇಡಿ. ಟ್ರ್ಯಾಕ್ ಜಾರುವ ರೈಲಿನ ಕೆಳಗೆ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ, ಸ್ಲೈಡ್ ಅನ್ನುತ್ತಾರೆ, ಹೈಫ್ಯಾಕ್ಸ್ ಅಂತಲೂ. ಅದಕ್ಕೆ ಹಿಮವೇ ಎಣ್ಣೆ. ಹಿಮ ಸಿಗದಿದ್ದರೆ ಕಾದು ಕರಗಿ ಟ್ರ್ಯಾಕ್‌ನ ಕ್ಲಿಪ್ಪಿಗೆ ಅಂಟುತ್ತದೆ. ರೈಲಿಗೆ ಐಸ್ ಸ್ಕ್ರ್ಯಾಚರ್ ಅಂತ ಒಂದು ಜೋಡಿ ಸ್ಪ್ರಿಂಗ್ ಕಡ್ಡಿ ಹಾಕಿಸಿ. ಮಂಜನ್ನು ಕೆರೆದು ಪುಡಿ ಎರಚುತ್ತದೆ, ಸ್ಲೈಡೂ ಉಳಿಯುತ್ತದೆ. ದುಡ್ಡು ಕಡಿಮೆ, ಉಪಯೋಗ ಬಹಳ. ಸ್ಲೈಡ್‌ನ ಪಕ್ಕ ಸವೆತದ ಗೆರೆ ಇರುತ್ತದೆ, ಅಲ್ಲಿಗೆ ಬಂದರೆ ಬದಲಿಸಿ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಆ ಕಾಲದ ಬಹಳಷ್ಟು ಗಾಡಿಗೆ ರಿವರ್ಸ್ ಇಲ್ಲ. ಟ್ರೇಲರ್‌ನಲ್ಲೋ ಮರದ ಬುಡದಲ್ಲೋ ಸಿಕ್ಕಿಕೊಂಡರೆ ಹಿಂದಿನ ಬಂಪರ್ ಹಿಡಿದು ಎತ್ತಿ ತಿರುಗಿಸಬೇಕು, ಗಾಡಿಯ ತೂಕ 200 ಕೆಜಿ ಹತ್ತಿರ. ಬೆನ್ನು ನೋವಿದ್ದವರು ಇದನ್ನು ಕೊಳ್ಳುವ ಮುಂಚೆಯೇ ಲೆಕ್ಕಕ್ಕೆ ತಗೊಳ್ಳಿ.

ಮಿಶಿಗನ್‌ನ ಕೆವೀನಾ ಕಡೆಯಿಂದ:

ನಮ್ಮಲ್ಲಿ ಸುಪೀರಿಯರ್ ಸರೋವರದ ಕೃಪೆ, ಒಂದು ಚಳಿಗಾಲಕ್ಕೆ 200 ಇಂಚು ಹಿಮ ಬೀಳುವುದು ಮಾಮೂಲು, ಹಾಗಾಗಿ ನನ್ನದು ಲಿಕ್ವಿಡ್ ಪಕ್ಷ. ಆದರೆ ನಿಮ್ಮ ಬಗ್ಗೆ ಅವರು ಹೇಳಿದ್ದು ಸರಿ.

ಯಾವುದೇ ತಗೊಳ್ಳಿ, ಮನೆಗೆ ತಂದ ದಿನ ಓಡಿಸಬೇಡಿ. ಮಕ್ಕಳು ಗಲಾಟೆ ಮಾಡುತ್ತಾರೆ, ಮಾಡಲಿ. ಮೊದಲು ಟ್ಯಾಂಕಿನ ಹಳೇ ಪೆಟ್ರೋಲ್ ತೆಗೆಯಿರಿ. ಆಮೇಲೆ ಕಾರ್ಬ್ ಬಿಚ್ಚಿ. ಮಿಕುನಿ ಕಾರ್ಬ್ ಬಹಳ ಸರಳ, ಕೆಳಗಿನ ಬಟ್ಟಲು ತೆಗೆದರೆ ಎರಡು ಜೆಟ್ ಕಾಣುತ್ತವೆ. ಅದರಲ್ಲಿ ಸಣ್ಣದು, ಪೈಲಟ್ ಜೆಟ್, ಅದರ ತೂತು ಸೂಜಿ ಮೊನೆಯಷ್ಟೂ ಇರುವುದಿಲ್ಲ. ಬೆಳಕಿಗೆ ಹಿಡಿದು ನೋಡಿ, ಆಚೆ ಕಡೆ ಗುಂಡಗೆ ಕಾಣಬೇಕು. ಕಾರ್ಬ್ ಕ್ಲೀನರ್ ಹೊಡೆದು ಗಾಳಿ ಬಿಡಿ. ದೊಡ್ಡ ತಂತಿ ಚುಚ್ಚಿ ತೂತು ಅಗಲ ಮಾಡಬೇಡಿ. ಎರಡು ಕಾರ್ಬ್ ಇದ್ದರೆ ಎರಡನ್ನೂ ಮಾಡಿ, ಒಂದೇ ಮಾಡಿ ಸುಮ್ನೆ ಮುಚ್ಚುವವರಿದ್ದಾರೆ. ಕಾರ್ಬನ್ನು ಎಂಜಿನ್‌ಗೆ ಜೋಡಿಸುವ ರಬ್ಬರ್ ಬೂಟ್ ಬಾಗಿಸಿ ನೋಡಿ, ಬಿರುಕಿದ್ದರೆ ಬದಲಿಸಿ. ಪೆಟ್ರೋಲ್ ಪೈಪ್‌ಗಳನ್ನೂ ಅದೇ ಹೊತ್ತಿಗೆ ಹೊಸದು ಹಾಕಿಬಿಡಿ.

ಮಿನೆಸೊಟದಲ್ಲಿ ಮಾಮೂಲು ಪೆಟ್ರೋಲ್‌ನಲ್ಲಿ ಎಥನಾಲ್ ಇರುತ್ತದೆ. ಅದು ನೀರು ಎಳೆದುಕೊಳ್ಳುತ್ತದೆ, ಹಳೇ ರಬ್ಬರ್‌ಗೆ ಒಗ್ಗುವುದಿಲ್ಲ. ಆದರೆ ನಿಮ್ಮಲ್ಲೇ ಎಥನಾಲ್ ಇಲ್ಲದ ಪ್ರೀಮಿಯಂ ಕೂಡ ಸಿಗುತ್ತದೆ, ಸ್ನೋಮೊಬೈಲ್, ಹಳೇ ಕಾರು, ಸಣ್ಣ ಎಂಜಿನ್‌ಗೆ ಅಂತ ಪಂಪ್ ಮೇಲೇ ಬರೆದಿರುತ್ತಾರೆ. ನಾಲ್ಕು ಕಾಸು ಜಾಸ್ತಿ, ಕೊಡಿ.

ಚೈನ್‌ಕೇಸ್ (ಟ್ರ್ಯಾಕ್ ತಿರುಗಿಸುವ ಚೈನ್ ಇರುವ ಡಬ್ಬಿ) ಎಣ್ಣೆ ಬದಲಿಸಿ. ಹಳೇ ಎಣ್ಣೆಯಲ್ಲಿ ಕಬ್ಬಿಣದ ಸಣ್ಣ ಪುಡಿ ಇದ್ದರೆ ಮಾಮೂಲು, ಚೂರು ಸಿಕ್ಕರೆ ಚೈನು ಹಲ್ಲುಚಕ್ರ ನೋಡಿ. ಎಂಜಿನ್ ಶಕ್ತಿಯನ್ನು ಕ್ಲಚ್‌ನಿಂದ ಟ್ರ್ಯಾಕ್ ಕಡೆಗೆ ಸಾಗಿಸುವ ಬೆಲ್ಟ್ ಪಕ್ಕ ಹೊಳಪಾಗಿದ್ದರೆ, ದಾರ ಬಿಟ್ಟಿದ್ದರೆ ಹೊಸದು ಹಾಕಿ, ಹಳೆಯದನ್ನು ಬಿಸಾಕದೆ ಹುಡ್ ಕೆಳಗೆ ಕಟ್ಟಿಕೊಳ್ಳಿ. ಕಾಡಿನ ನಡುವೆ ಬೆಲ್ಟ್ ತುಂಡಾದರೆ ಗಾಡಿ ಒಂದು ಅಡಿ ಮುಂದೆ ಹೋಗುವುದಿಲ್ಲ. ಜೊತೆಗೆ ಎರಡು ಪ್ಲಗ್, ಒಂದಿಷ್ಟು ಹಗ್ಗ, ಪ್ಲಗ್ ಸ್ಪ್ಯಾನರ್. ಸ್ಟಾರ್ಟರ್ ಹಗ್ಗ ತುಂಡಾದಾಗಲೂ ಆ ಹಗ್ಗವನ್ನೇ ಕ್ಲಚ್‌ಗೆ ಸುತ್ತಿ ಎಳೆಯಬಹುದು. ಒಂದು ಹುಷಾರಿ: ಹಿಂದುಗಡೆ ಎತ್ತಿ ಟ್ರ್ಯಾಕ್ ಸುತ್ತಿಸಿ ನೋಡುವಾಗ ಮಕ್ಕಳನ್ನು ಹಿಂದೆ ನಿಲ್ಲಿಸಬೇಡಿ. ಹಿಡಿತಕ್ಕೆ ಅಂತ ಟ್ರ್ಯಾಕಿಗೆ ಹಾಕುವ ಲೋಹದ ಮೊಳೆ, ಸ್ಟಡ್, ಕಿತ್ತು ಹಾರಿದರೆ ಗುಂಡಿನ ಹಾಗೇ ಬರುತ್ತದೆ.

ಬೆಮಿಜಿಯಿಂದ:

ಕಾಗದದ ವಿಷಯ ಯಾರೂ ಬರೆಯಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮಿನೆಸೊಟದಲ್ಲಿ ಸ್ನೋಮೊಬೈಲ್‌ಗೆ ಕಾರಿನ ಹಾಗೆ ಟೈಟಲ್ (ಮಾಲೀಕತ್ವದ ಪತ್ರ) ಇಲ್ಲ. ಡಿಎನ್‌ಆರ್ (ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ) ಕೊಡುವ ನೋಂದಣಿ ಚೀಟಿಯೇ ಇರುವ ಕಾಗದ, ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಹಾಗಾಗಿ ಮಾರುವವರ ಹೆಸರು ಚೀಟಿಯಲ್ಲಿದೆಯಾ, ಟನಲ್‌ನ ಬಲಗಡೆ ಒತ್ತಿದ ನಂಬರ್ ಚೀಟಿಗೆ ಹೊಂದುತ್ತದಾ, ನೋಡಿಯೇ ದುಡ್ಡು ಕೊಡಿ. ಒಂದು ಮಾರಾಟ ಪತ್ರ ಬರೆಸಿಕೊಳ್ಳಿ. ವರ್ಗಾವಣೆ ಕಾರಿನ ಕೆಲಸ ಮಾಡುವ ಡೆಪ್ಯುಟಿ ರಿಜಿಸ್ಟ್ರಾರ್ ಕಚೇರಿಯಲ್ಲೇ ಆಗುತ್ತದೆ. ಓಡಿಸುವವರು 1976ರ ಡಿಸೆಂಬರ್ 31ರ ನಂತರ ಹುಟ್ಟಿದ್ದರೆ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಬೇಕು, ಅಂದರೆ ಬಹುಶಃ ನಿಮಗೂ ಬೇಕು.

ಕೆರೆ ಅಂದಿರಿ. ಹೊಸ, ಪಾರದರ್ಶಕ ಮಂಜುಗಡ್ಡೆ 5ರಿಂದ 7 ಇಂಚು ಇದ್ದರೆ ಸ್ನೋಮೊಬೈಲ್ ಇಳಿಸಬಹುದು ಅನ್ನುತ್ತದೆ ಡಿಎನ್‌ಆರ್. ಬೆಳ್ಳಗಿದ್ದರೆ ಅದರ ಎರಡರಷ್ಟು ಬೇಕು. ಪಕ್ಕದ ಮನೆಯವರು ಓಡಿಸುತ್ತಿದ್ದಾರೆ ಅನ್ನುವುದು ಅಳತೆಯಲ್ಲ, ತೂತು ಕೊರೆದು ಅಳೆಯಿರಿ. ತೊರೆ ಬಂದು ಸೇರುವ ಕಡೆ, ಸೇತುವೆ ಕೆಳಗೆ ಹೋಗಲೇಬೇಡಿ. ನನ್ನ ಮಟ್ಟಿಗೆ ಹೇಳಿ ಕೇಳಿ ಇಷ್ಟೇ ನಿಜವಾದ ಅಪಾಯ, ಉಳಿದದ್ದೆಲ್ಲ ಬರೀ ದುಡ್ಡಿನ ವಿಷಯ.

ಪ್ರಶ್ನೆ ಕೇಳಿದವರು:

ಸರಿ, ಟ್ರೇಲ್ ಕಡೆಗೇ ಮನಸ್ಸು. ಬೇಸಿಗೆಯಲ್ಲಿ ಹೇಗೆ ಇಡಬೇಕು ಅಂತ ಒಂದು ಸಾಲು ಹೇಳಿ. ಗ್ಯಾರೇಜ್‌ನಲ್ಲಿ ಜಾಗ ಇದೆ, ಇಲಿಯೂ ಇದೆ. ಬಿಡಿಭಾಗ ಎಲ್ಲಿ ಹುಡುಕಲಿ?

ಡುಲೂತ್ ಕಡೆಯಿಂದ:

ಒಂದು ಸಾಲಿಗೆ ಆಗಲ್ಲ ಸಾರ್. ಬಿಡಿಭಾಗ ಸುಲಭ: ಇಂಡಿ ಈ ರಾಜ್ಯದ ರೋಸೊ ಊರಿನ ಕಂಪನಿಯದ್ದು, ಲೆಕ್ಕವಿಲ್ಲದಷ್ಟು ಮಾರಾಟವಾಗಿತ್ತು, ಹಳೇ ಭಾಗ ಎಲ್ಲ ಕಡೆ ಸಿಗುತ್ತದೆ. ಸೆಪ್ಟೆಂಬರ್‌ನಲ್ಲಿ ಲೇಬರ್ ಡೇ ಆದ ಮುಂದಿನ ವಾರಾಂತ್ಯ ನಾರ್ತ್ ಬ್ರಾಂಚ್‌ನಲ್ಲಿ ಹೇ ಡೇಸ್ ನಡೆಯುತ್ತದೆ. ಹುಲ್ಲಿನ ಮೇಲೆ ರೇಸ್, ಪಕ್ಕದಲ್ಲಿ ಹಳೇ ಸಾಮಾನಿನ ದೊಡ್ಡ ಸಂತೆ. ಚೌಕಾಸಿ ಬರುವವರಿಗೆ ಹೇಳಿ ಮಾಡಿಸಿದ ಜಾಗ.

ಇಡುವ ವಿಷಯ. ಮಾರ್ಚ್ ಕೊನೆಗೆ ಟ್ಯಾಂಕ್ ತುಂಬಿಸಿ, ಪೆಟ್ರೋಲ್ ಕೆಡದಂತೆ ಕಾಯುವ ಸ್ಟೆಬಿಲೈಸರ್ ಹಾಕಿ, ಅದು ಕಾರ್ಬ್‌ವರೆಗೂ ತಲುಪುವಷ್ಟು ಹೊತ್ತು ಎಂಜಿನ್ ಓಡಿಸಿ. ಆಮೇಲೆ ಗಾಳಿ ಎಳೆಯುವ ಕಡೆಯಿಂದ ಫಾಗಿಂಗ್ ಎಣ್ಣೆ (ಎಂಜಿನ್ ಒಳಗೆ ತುಕ್ಕು ತಡೆಯುವ ಸ್ಪ್ರೇ) ಸಿಂಪಡಿಸುತ್ತಾ ಹೋಗಿ, ಗಮ್ಮಂತ ಹೊಗೆ ಬಂದು ಎಂಜಿನ್ ತೂಕಡಿಸಿದಾಗ ನಿಲ್ಲಿಸಿ. ಕ್ರ್ಯಾಂಕಿನ ಬೇರಿಂಗ್ ತುಕ್ಕು ಹಿಡಿಯದಿರಲು ಇದೇ ದಾರಿ, ಟೂ-ಸ್ಟ್ರೋಕ್‌ನಲ್ಲಿ ಕೆಳಗೆ ಎಣ್ಣೆ ತುಂಬಿದ ತೊಟ್ಟಿ ಇರುವುದಿಲ್ಲ ಅಲ್ವಾ. ಕಾರ್ಬ್ ಬಟ್ಟಲು ಖಾಲಿ ಮಾಡಿ. ಬೆಲ್ಟ್ ತೆಗೆದಿಡಿ. ಗ್ರೀಸ್ ನಿಪ್ಪಲ್‌ಗಳಿಗೆಲ್ಲ ಗ್ರೀಸ್ ಹೊಡೆದು, ಹಿಂದುಗಡೆ ಎತ್ತಿ ಕಟ್ಟೆ ಕೊಡಿ. ಪ್ಲಾಸ್ಟಿಕ್ ಹಾಳೆ ಸುತ್ತಬೇಡಿ, ಒಳಗೇ ಬೆವರು ಕಟ್ಟುತ್ತದೆ. ಬಟ್ಟೆ ಹೊದಿಕೆ ಸಾಕು.

ಇಲಿಗೆ ಏರ್‌ಬಾಕ್ಸ್ (ಕಾರ್ಬ್‌ಗೆ ಗಾಳಿ ಹೋಗುವ ಡಬ್ಬಿ) ಅಂದರೆ ಅರಮನೆ. ಸೀಟಿನ ಸ್ಪಂಜು ಒಯ್ದು ಅಲ್ಲಿ ಗೂಡು ಕಟ್ಟುತ್ತದೆ, ಡಿಸೆಂಬರ್‌ನಲ್ಲಿ ಸ್ಟಾರ್ಟ್ ಮಾಡಿದಾಗ ಆ ಚೂರೆಲ್ಲ ಕಾರ್ಬ್‌ಗೆ. ಗಾಳಿ ಬಾಯಿಗೂ ಎಕ್ಸಾಸ್ಟ್ ಬಾಯಿಗೂ ಸ್ಟೀಲ್ ನಾರು ತುರುಕಿ. ಅದನ್ನು ತೆಗೆಯಲು ಮರೆಯದ ಹಾಗೆ "ಎರಡು ಕಡೆ ನಾರು ಇದೆ" ಅಂತ ಚೀಟಿ ಬರೆದು ಕೀಲಿಗೇ ಕಟ್ಟಿಡಿ.